ಚುನ್‌ಲಿಯಾನಳ ತವರು

ಅವರು ಬಂದಿಳಿದ ದಿನವೇ ಹೈಶೆಂಗ್ ಹಬ್ಬದ ಹಂದಿಯನ್ನು ಕೊಯ್ದ. ಹೊಸವರ್ಷಕ್ಕೆ ಇನ್ನೂ ಒಂಬತ್ತು ದಿನವಿತ್ತು. ಆದರೆ ತಮ್ಮ ಝಿಮಿಂಗ್ ಐದು ವರ್ಷದ ಮೇಲೆ ಇಟಲಿಯಿಂದ ಹೆಂಡತಿ ಮಗಳೊಂದಿಗೆ ಬರುತ್ತಿದ್ದಾನೆ, ಬಂದವರ ಕಣ್ಣೆದುರಿಗೇ ಆಗಬೇಕು ಎಂದು ಅವನ ಹಟ. ವ್ಯಾನು ಬೆಟ್ಟದ ಕೊನೆಯ ತಿರುವು ದಾಟಿ ಅಂಗಳಕ್ಕೆ ಬಂದಾಗ ನಾಲ್ವರು ಗಂಡಸರು ಹಂದಿಯನ್ನು ಬೆಂಚಿಗೆ ಒತ್ತಿ ಹಿಡಿದಿದ್ದರು. ಏಳು ವರ್ಷದ ನೀನಾ ಕಿವಿ ಮುಚ್ಚಿಕೊಂಡು ಕಿರುಚಿದಳು.

ಝಿಮಿಂಗನ ಹೆಂಡತಿ ಪೇಫೆನ್ ಹಂದಿಯನ್ನು ನೋಡಲಿಲ್ಲ. ಅದರ ಕತ್ತಿನ ಕೆಳಗೆ ಬೋಗುಣಿ ಹಿಡಿದು ಕುಕ್ಕುರುಗಾಲಲ್ಲಿ ಕೂತಿದ್ದ ಹುಡುಗಿಯನ್ನು ನೋಡಿದಳು. ರಕ್ತ ಮೊಣಕೈವರೆಗೆ ಸಿಡಿಯುತ್ತಿದ್ದರೂ ಹುಡುಗಿಯ ಕೈ ಅಲುಗಲಿಲ್ಲ, ಮುಖ ತಿರುಗಲಿಲ್ಲ.

ಅದು ಅವಳ ಹಿರಿಯ ಮಗಳು ಸಿರುಯಿ. ಹನ್ನೊಂದು ವರ್ಷ.

ಎಂಟು ತಿಂಗಳ ಕೂಸಾಗಿದ್ದಾಗ ಅವಳನ್ನು ಊರಿಗೆ ಕಳಿಸಿದ್ದರು. ಇಟಲಿಯ ಪ್ರಾತೊದ ಹೊಲಿಗೆ ಕಾರ್ಖಾನೆಗಳಲ್ಲಿ ದುಡಿಯುವ, ಚೀನಾದ ಚಿಂಗ್‌ತಿಯಾನ್ ಕಡೆಯ ಜನರೆಲ್ಲ ಹಾಗೇ ಮಾಡುತ್ತಿದ್ದರು. ದಿನಕ್ಕೆ ಹದಿನಾಲ್ಕು ಗಂಟೆ ಮಿಷನ್ನಿನ ಮುಂದೆ ಕೂರುವವರು ಕೂಸನ್ನು ಎಲ್ಲಿ ಮಲಗಿಸಬೇಕು? ಆರು ವರ್ಷಕ್ಕೆ ಕರೆಸಿಕೊಳ್ಳುವ ಮಾತಾಗಿತ್ತು. ಆಗ ಕಾಗದಪತ್ರ ಸಿಕ್ಕಲಿಲ್ಲ, ಆಮೇಲೆ ಕೊರೊನಾ ರೋಗದ ವರ್ಷಗಳು ಬಂದವು, ಆಮೇಲೆ ಕಾರ್ಖಾನೆ ಮುಚ್ಚಿತು. ಈಗ ಝಿಮಿಂಗನ ಚೀಲದಲ್ಲಿ ಬರುವಾಗಿನ ಟಿಕೆಟ್ ಮೂರಿದ್ದರೆ ಹೋಗುವಾಗಿನವು ನಾಲ್ಕಿದ್ದವು.

"ಸಿರುಯಿ, ಯಾರು ಬಂದಿದ್ದಾರೆ ನೋಡೇ," ಎಂದಳು ಅತ್ತೆ ಬಾಗಿಲಿಂದ.

ಹುಡುಗಿ ಬೋಗುಣಿ ಎತ್ತಿಕೊಂಡು ಎದ್ದಳು. "ಚಿಕ್ಕಪ್ಪ. ಚಿಕ್ಕಮ್ಮ," ಎಂದಳು. ಒಳಗೆ ತಿರುಗಿ, "ಅಮ್ಮಾ, ಬಿಸಿನೀರು ತಾ!"

ಅಮ್ಮ ಎಂದದ್ದು ಹೈಶೆಂಗನ ಹೆಂಡತಿ ಚುನ್‌ಲಿಯಾನಳನ್ನು. ಪೇಫೆನ್‌ಗೆ ಇದು ಹೊಸದಲ್ಲ. ಮಗು ಹುಟ್ಟಿದಾಗ ಜಾತಕದವನು, ಇವಳ ನಕ್ಷತ್ರ ಹೆತ್ತವರಿಗೆ ಆಗಿಬರುವುದಿಲ್ಲ, ಹೆತ್ತವರನ್ನು ಚಿಕ್ಕಪ್ಪ ಚಿಕ್ಕಮ್ಮ ಎಂದೇ ಕರೆಯಲಿ ಎಂದು ಅತ್ತೆಗೆ ಹೇಳಿದ್ದ. ಆ ಕಡೆಯ ಎಷ್ಟೋ ಮನೆಗಳಲ್ಲಿ ಹಾಗಿತ್ತು. ಫೋನಿನಲ್ಲಿ ಕೇಳುವಾಗ ತಮಾಷೆಯೆನಿಸುತ್ತಿದ್ದ ಮಾತು ಅಂಗಳದಲ್ಲಿ ಎದುರಿಗೆ ನಿಂತಾಗ ಎದೆಗೆ ಒದ್ದಂತಾಯಿತು.

ಆ ಸಂಜೆ ಊಟಕ್ಕೆ ರಕ್ತದ ಗಟ್ಟಿ, ಹುರಿದ ಕರುಳು, ಒಣಗಿಸಿದ ಗದ್ದೆಮೀನು, ಅಕ್ಕಿಯ ಹೆಂಡ. ಹೈಶೆಂಗ್ ಮೂರನೆಯ ಬಟ್ಟಲು ಬಗ್ಗಿಸಿಕೊಂಡಾಗ ಸಿರುಯಿ ತಟ್ಟೆ ಬಿಟ್ಟೆದ್ದು ಅಡುಗೆಮನೆಗೆ ಹೋದಳು. ಪೇಫೆನ್ ಅನ್ನ ತರಲು ಹೋದಾಗ ಹುಡುಗಿ ಮಾಂಸದ ಕತ್ತಿಯನ್ನೂ ಒಲೆಯ ಚಿಮ್ಮಟವನ್ನೂ ನೀರಿನ ಗುಡಾಣದ ಹಿಂದೆ ತಳ್ಳುತ್ತಿದ್ದಳು.

"ಎಷ್ಟು ಅಚ್ಚುಕಟ್ಟೇ ನೀನು!" ಎಂದು ಪೇಫೆನ್ ಅವಳ ತಲೆ ಸವರಲು ಹೋದಳು. ಹುಡುಗಿ ಸರಕ್ಕನೆ ತಲೆ ತಗ್ಗಿಸಿ ಮೊಣಕೈ ಅಡ್ಡ ಹಿಡಿದಳು. ಮರುಕ್ಷಣ ನಾಚಿಕೊಂಡು ಕೈ ಇಳಿಸಿದಳು.

ನನ್ನನ್ನು ಕಂಡರೆ ಆಗುವುದಿಲ್ಲ ಇವಳಿಗೆ, ಎಂದುಕೊಂಡಳು ಪೇಫೆನ್.

ಮರುದಿನದಿಂದ ನೆಂಟರ ಮನೆಗಳ ಸುತ್ತಾಟ. ಎಣ್ಣೆಯ ಡಬ್ಬಿ, ಚಾಕೊಲೇಟಿನ ಪೆಟ್ಟಿಗೆ ಹಿಡಿದು ಹೋದ ಮನೆಯಲ್ಲೆಲ್ಲ ಎರಡು ಮೊಟ್ಟೆ ಹಾಕಿದ ಶ್ಯಾವಿಗೆಯ ಬಟ್ಟಲು ಮುಂದೆ ಬರುತ್ತಿತ್ತು. ಬೇಡ ಎನ್ನುವಂತಿಲ್ಲ. ಮೂರನೆಯ ಮನೆಯಲ್ಲಿ ನೀನಾ, "ಅಮ್ಮಾ, ಇಲ್ಲಿ ಕೋಳಿಗಳಿಗೆ ರಜಾನೇ ಇಲ್ವಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಸಿರುಯಿಯೂ ನಕ್ಕಳು. ಪೇಫೆನ್ ಆ ನಗುವನ್ನು ಮನೆಯವರೆಗೂ ಜೋಪಾನವಾಗಿ ತಂದಳು.

ದಾರಿಯಲ್ಲಿ ಒಂದು ಪಾಳುಬಿದ್ದ ಅಡುಗೆಮನೆ ತೋರಿಸಿ ಅತ್ತೆ ಹೇಳಿದಳು: "ಈ ಮನೆ ಸೊಸೆನ ಗಂಡ ಹಲ್ಲು ಉದುರೋ ಹಾಗೆ ಹೊಡೆದಿದ್ದ. ಅವಳ ತವರಿಂದ ಹನ್ನೊಂದು ಜನ ಬಂದ್ರು ನೋಡು, ಒಲೆ ಮೇಲಿನ ದೊಡ್ಡ ಬಾಣಲೆನ ಒಡೆದು ಹಾಕಿಬಿಟ್ರು. ಬಾಣಲೆ ಒಡೆದ ಮನೆಗೆ ಊರಲ್ಲಿ ಯಾರೂ ಮುಖ ಕೊಡಲ್ಲ."

"ಗಂಡನ ಮನೆಯವರು ಸುಮ್ನಿದ್ರಾ ಅತ್ತೆ?"

"ಮತ್ತಿನ್ನೇನು? ತವರಿನವರು ಬಾಣಲೆ ಒಡೆಯೋವಾಗ ಕೈ ಅಡ್ಡ ಹಿಡಿಯಂಗಿಲ್ಲ. ಹಿಂದಿನಿಂದ ಬಂದದ್ದು."

ಚುನ್‌ಲಿಯಾನ್ ಹಿಂದೆ ಹಿಂದೆ ಬರುತ್ತಿದ್ದಳು. ಅವಳಿಗೆ ತವರೆಂಬುದು ಇರಲಿಲ್ಲ. ಅಪ್ಪ ಅಮ್ಮ ಸತ್ತಿದ್ದರು, ಅಣ್ಣ ತಮ್ಮ ಹುಟ್ಟಿರಲಿಲ್ಲ. ಹೊಸವರ್ಷದ ಎರಡನೆಯ ದಿನ ಊರಿನ ಸೊಸೆಯರೆಲ್ಲ ತವರಿಗೆ ಹೋದಾಗ ಅವಳೊಬ್ಬಳು ಮನೆಯಲ್ಲಿ ಕೂತು ಹಬ್ಬದ ಪಾತ್ರೆ ಉಜ್ಜಿದಳು. ಪೇಫೆನ್ ತನ್ನ ತವರಿಗೆ ಸಿರುಯಿಯನ್ನು ಕರೆದಳು. ಹುಡುಗಿ ಹೊಟ್ಟೆನೋವೆಂದು ಮನೆಯಲ್ಲೇ ಉಳಿದಳು.

"ಹತ್ತು ದಿನ ಆಯ್ತು," ಎಂದಳು ಪೇಫೆನ್ ಗಂಡನಿಗೆ. "ನನ್ ಜೊತೆ ಹತ್ತು ಹೆಜ್ಜೆ ಬರಲ್ಲ. ಚುನ್‌ಲಿಯಾನಕ್ಕ ಅವಳನ್ನ ಕಟ್ಟಿ ಹಾಕಿದ್ದಾಳೆ ರೀ. ಏನೋ ಹೇಳಿಕೊಟ್ಟಿದ್ದಾಳೆ."

"ನಾಲ್ಕನೇ ದಿನ ಸೋದರತ್ತೆ ಮನೇಲಿ ಎಲ್ಲರೂ ಸೇರ್ತಾರಲ್ಲ," ಎಂದ ಝಿಮಿಂಗ್. "ಎಲ್ಲರ ಮುಂದೆ ನಿನಗೆ ಚಹಾ ಕೊಡಿಸಿ ಅಮ್ಮ ಅನ್ನಿಸ್ತೀನಿ. ನಕ್ಷತ್ರ ಗಿಕ್ಷತ್ರ ಎಲ್ಲ ಅಲ್ಲಿಗೆ ಮುಗೀಲಿ."

ಸೋದರತ್ತೆಗೆ ಎಪ್ಪತ್ತೆಂಟು ವರ್ಷ. ಮನೆತನದಲ್ಲಿ ಅವಳ ಮಾತು ಮೀರುವವರಿಲ್ಲ. ಅವಳ ಹಜಾರದಲ್ಲಿ ಎರಡು ಮೇಜು ತುಂಬ ನೆಂಟರು. ಝಿಮಿಂಗ್ ಚಹಾದ ಬಟ್ಟಲನ್ನು ಸಿರುಯಿಯ ಕೈಗಿಟ್ಟ.

"ಕೊಡು. ಅಮ್ಮ ತಗೋ ಅನ್ನು."

ಹುಡುಗಿ ಬಟ್ಟಲು ಹಿಡಿದು ನಿಂತಳು.

"ಅನ್ನೇ!"

"ನಾನು ಇಟಲಿಗೆ ಬರಲ್ಲ," ಎಂದಳು ಸಿರುಯಿ.

ಝಿಮಿಂಗ್ ಹೊಡೆದ ಏಟಿಗೆ ಬಟ್ಟಲು ಗೋಡೆಗೆ ಹೋಗಿ ಒಡೆಯಿತು. ಕುದಿವ ಚಹಾ ಹುಡುಗಿಯ ಮಣಿಕಟ್ಟಿನ ಮೇಲೆ ಚೆಲ್ಲಿತು. ಅವಳು ಅಳಲಿಲ್ಲ. ಪಕ್ಕದ ಮೇಜಿನಿಂದ ಚುನ್‌ಲಿಯಾನ್ ಓಡಿ ಬಂದು ಅವಳ ಕೈಯನ್ನು ತಣ್ಣೀರಿನ ಬೋಗುಣಿಗೆ ಅದ್ದಿದಳು.

ಪೇಫೆನ್‌ಗೆ ಆ ಕ್ಷಣ ಗಂಡನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಆ ಬೋಗುಣಿಯಲ್ಲಿದ್ದ ಇನ್ನೊಬ್ಬಳ ಕೈ ನೋಡಿ.

"ಹೆತ್ತವಳು ಇಲ್ಲಿ ನಿಂತಿದ್ದೀನಿ!" ಎಂದಳು ಎಲ್ಲರಿಗೂ ಕೇಳುವಂತೆ. "ಹತ್ತು ವರ್ಷ ಸಾಕು ಅಂದ್ರೆ ನನ್ನ ಮಗಳನ್ನ ನನ್ನಿಂದಲೇ ಕಿತ್ಕೊಂಡೆಯಲ್ಲಕ್ಕ. ಮಕ್ಕಳಿಲ್ಲದವಳು ಅಂತ ನಂಬಿ ಕೊಟ್ಟಿದ್ದೆ."

ಯಾರೋ ಕೆಮ್ಮಿದರು. ಹೈಶೆಂಗ್ ಚಾಪ್‌ಸ್ಟಿಕ್ ಕೆಳಗಿಟ್ಟು ಎದ್ದ. "ನಡಿ ಮನೆಗೆ," ಎಂದ ಹೆಂಡತಿಗೆ. ದನಿ ಮೆತ್ತಗಿತ್ತು.

ಮನೆ ತಲುಪಿ ಪೇಫೆನ್ ಮೂರನೆಯ ಮಹಡಿಯಲ್ಲಿ ನೀನಾಳ ಬಟ್ಟೆ ಬಿಚ್ಚುತ್ತಿದ್ದಳು. ಕೆಳಗೆ ಏನೋ ಬಿದ್ದ ಸದ್ದು. ಆಮೇಲೆ ಹಸಿ ನೆಲದ ಮೇಲೆ ಗೋಣಿ ಎತ್ತಿ ಎತ್ತಿ ಹಾಕಿದಂಥ ಸದ್ದು, ಒಂದೇ ಸಮನೆ. ಅವಳು ಮೆಟ್ಟಿಲಿಳಿದು ಓಡಿದಳು.

ಅಡುಗೆಮನೆಯ ಬಾಗಿಲಲ್ಲಿ ಝಿಮಿಂಗ್ ಸಿಗರೇಟು ಹಿಡಿದು ನಿಂತಿದ್ದ. "ಅಣ್ಣ, ಸಾಕು ಬಿಡೋ," ಎನ್ನುತ್ತಿದ್ದ. ಒಳಗೆ ಹೋಗಿರಲಿಲ್ಲ.

ಚುನ್‌ಲಿಯಾನ್ ಒಲೆಯ ಬುಡದಲ್ಲಿ ಬಿದ್ದಿದ್ದಳು. ಹೈಶೆಂಗ್ ಅವಳ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡು ಕಟ್ಟಿಗೆಯ ತುಂಡಿನಿಂದ ಹೊಡೆಯುತ್ತಿದ್ದ. ಸಿರುಯಿ ಆಗಲೇ ಅವಳ ಮೇಲೆ ಬಿದ್ದು ತಲೆಯನ್ನು ಎರಡೂ ತೋಳಿನಿಂದ ಮುಚ್ಚಿ ಹಿಡಿದಿದ್ದಳು. ಬೇಡ ಎಂದು ಕೂಗುತ್ತಿರಲಿಲ್ಲ. ಎಲ್ಲಿ ಬೀಳಬಾರದೋ ಅಲ್ಲಿ ತನ್ನ ಮೈ ಇಡುತ್ತಿದ್ದಳು, ಅಷ್ಟೆ. ದಿನವೂ ಮಾಡುವ ಕೆಲಸದ ಹಾಗೆ.

ಕತ್ತಿ ಬಚ್ಚಿಟ್ಟದ್ದು ಯಾಕೆಂದು ಪೇಫೆನ್‌ಗೆ ಅರ್ಥವಾಯಿತು.

ಅವಳು ನುಗ್ಗಿ ಭಾವನ ತೋಳಿಗೆ ಜೋತುಬಿದ್ದಳು. ಅವನು ಕೊಡವಿದ ಏಟಿಗೆ ಗೋಡೆಗೆ ಬಡಿದಳು. ಆದರೂ ಕಟ್ಟಿಗೆ ಕೆಳಗೆ ಬಿತ್ತು.

"ನೀನೇ ತಾನೇ ದೂರು ಕೊಟ್ಟಿದ್ದು?" ಎಂದ ಹೈಶೆಂಗ್ ಏದುಸಿರು ಬಿಡುತ್ತ. "ಎಲ್ಲರ ಮುಂದೆ ಮಾನ ತೆಗೆದೆ. ಅವಳನ್ನ ತಿದ್ದಿದ್ದೀನಿ. ಈಗ ಯಾಕೆ ಅಡ್ಡ ಬರ್ತೀಯ?"

ಬೋಗುಣಿಯಲ್ಲಿ ಕೈ ತೊಳೆದು ಹಜಾರಕ್ಕೆ ಹೋಗಿ ಅವನು ಟಿವಿ ಹಾಕಿಕೊಂಡ.

ಚುನ್‌ಲಿಯಾನಳ ಎಡಗೈ ಮೊಣಕೈ ಕೆಳಗೆ ಮುರಿದಿತ್ತು. ಪೇಟೆಯ ಆಸ್ಪತ್ರೆಯಲ್ಲಿ ವೈದ್ಯ ಎಕ್ಸ್‌ರೇ ತೆಗೆದು, "ಹಳೇ ಮುರಿತ ಇನ್ನೆರಡು ಇದೆಯಲ್ಲಮ್ಮ," ಎಂದ. ಚುನ್‌ಲಿಯಾನ್, "ಗದ್ದೆ ಬದುವಿನಲ್ಲಿ ಜಾರಿದ್ದು," ಎಂದಳು. ವೈದ್ಯ ಕೈಗೆ ಪಟ್ಟಿ ಹಾಕಲು ಒಳಗೆ ಕರೆದೊಯ್ದ. ಹೊರಗಿನ ಬೆಂಚಿನಲ್ಲಿ ತಾಯಿ ಮಗಳು ಇಬ್ಬರೇ ಉಳಿದರು.

"ಎಷ್ಟು ದಿನದಿಂದ?" ಕೇಳಿದಳು ಪೇಫೆನ್.

"ಮೊದಲಿಂದ."

"ಫೋನಲ್ಲಿ ಯಾಕೆ ಹೇಳಲಿಲ್ಲ ನನಗೆ?"

"ಫೋನು ದೊಡ್ಡಪ್ಪಂದು."

ಹುಡುಗಿ ಸುಟ್ಟ ಮಣಿಕಟ್ಟಿನ ಗುಳ್ಳೆಯನ್ನು ಊದಿಕೊಳ್ಳುತ್ತಿದ್ದಳು.

"ನಾನಿದ್ರೆ ಐದಾರು ಏಟಿಗೆ ನಿಲ್ಲಿಸ್ತಾನೆ," ಎಂದಳು ಸಿರುಯಿ. "ನಾನು ಶಾಲೆಗೆ ಹೋದಾಗ ಒಂದ್ಸಲ ಅಮ್ಮನಿಗೆ ಮೂರು ದಿನ ಎಚ್ಚರವೇ ಇರಲಿಲ್ಲ. ನಾನು ನಿಮ್ ಜೊತೆ ಬಂದ್ರೆ ಸಾಯಿಸಿಬಿಡ್ತಾನೆ. ಅದಕ್ಕೇ ಬರಲ್ಲ ಅಂದಿದ್ದು. ನಿಮ್ಮ ಮೇಲೆ ಕೋಪ ಏನಿಲ್ಲ."

ಪೇಫೆನ್ ಅವಳ ಕೈ ಹಿಡಿದಳು. ಹುಡುಗಿ ಬಿಡಿಸಿಕೊಳ್ಳಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಪೇಫೆನ್ ಅತ್ತೆಯನ್ನು ಕೇಳಿದಳು, "ಇಷ್ಟು ವರ್ಷ ನೋಡ್ತಾ ಕೂತಿದ್ರಾ ಅತ್ತೆ?"

ಅತ್ತೆ ಮೀನಿನ ಮುಳ್ಳು ಬಿಡಿಸುತ್ತ, "ನಿನ್ನ ಮಾವ ನನ್ನನ್ನ ಹೊಡೀಲಿಲ್ವಾ? ನಾನು ಸತ್ತೆನಾ?" ಎಂದಳು.

"ಪೊಲೀಸರಿಗೆ ಹೇಳ್ತೀನಿ."

"ಹೇಳು," ಎಂದ ಹೈಶೆಂಗ್ ನಗುತ್ತ. "ಗದ್ದೆ ಬದುವಿನಲ್ಲಿ ಜಾರಿದೆ ಅಂತ ಅವಳೇ ಹೇಳ್ತಾಳೆ. ಅಲ್ವೇನೇ?"

ಚುನ್‌ಲಿಯಾನ್ ಬಲಗೈಯಲ್ಲಿ ಅವನ ಬಟ್ಟಲಿಗೆ ಅನ್ನ ಹಾಕಿದಳು.

"ನಮ್ಮ ವಿಮಾನ ಇರೋದು ಎಂಟು ದಿನಕ್ಕೆ," ಎಂದ ಝಿಮಿಂಗ್ ಹೆಂಡತಿಯ ಕಿವಿಯಲ್ಲಿ. "ಹುಡುಗಿನ ಎತ್ಕೊಂಡಾದ್ರೂ ಹೋಗೋಣ. ಅವರ ಸಂಸಾರ ಅವರಿಗೆ."

"ಎತ್ಕೊಂಡು ಹೋದ್ರೆ ಆಮೇಲೆ ಅಕ್ಕ ಸತ್ತರೆ, ಈ ಮಗು ಜನ್ಮದಲ್ಲಿ ನನ್ನ ಮುಖ ನೋಡುತ್ತಾ?"

"ಹಾಗಾದ್ರೆ ಏನ್ಮಾಡ್ತೀಯ?"

ಪೇಫೆನ್ ಎದ್ದು ಎಂಜಲು ಬಟ್ಟಲುಗಳನ್ನು ಒಟ್ಟುಮಾಡತೊಡಗಿದಳು.

ಹೊಸವರ್ಷದ ಆರನೆಯ ದಿನ ನೆಂಟರೆಲ್ಲ ತಿರುಗಿ ಇವರ ಮನೆಗೆ ಊಟಕ್ಕೆ ಬರುವ ಸರದಿ. ಬೆಳಗ್ಗೆ ಐದಕ್ಕೇ ಚುನ್‌ಲಿಯಾನ್ ಒಂದೇ ಕೈಯಲ್ಲಿ ಬೆಂಕಿ ಹಚ್ಚಿದಳು. ಇಟ್ಟಿಗೆಯ ಒಲೆಗೆ ಕೂರಿಸಿದ್ದ ಆ ಬಾಣಲೆ ಕೂಸನ್ನು ಮಲಗಿಸುವಷ್ಟು ದೊಡ್ಡದು. ಅತ್ತೆಯ ಅತ್ತೆಯ ಕಾಲದ್ದು. ಪೇಫೆನ್ ತರಕಾರಿ ಹೆಚ್ಚುತ್ತ ಕೂತಳು. ಹನ್ನೊಂದರ ಹೊತ್ತಿಗೆ ಹಜಾರ ತುಂಬಿತು. ಹೆಂಡದ ವಾಸನೆ, ಕಡಲೆಕಾಯಿ ಸಿಪ್ಪೆ, ಜೋರು ನಗು. ಎಲ್ಲರೂ ಚುನ್‌ಲಿಯಾನಳ ಕೈಯ ಪಟ್ಟಿ ನೋಡಿದರು. ಯಾರೂ ಕೇಳಲಿಲ್ಲ.

ಹೈಶೆಂಗ್ ಅಡುಗೆಮನೆಗೆ ಬಂದು ಬಾಣಲೆಯ ಮಾಂಸ ರುಚಿ ನೋಡಿದ. "ಉಪ್ಪೇ ಇಲ್ಲ. ಒಂದು ಕೈ ಮುರಿದ್ರೆ ನಾಲಿಗೇನೂ ಮುರೀತಾ?" ಎಂದು ಸುಡುತ್ತಿದ್ದ ಸೌಟನ್ನು ಅವಳ ಕೆನ್ನೆಯ ಹತ್ತಿರ ಹಿಡಿದ. ಸಿರುಯಿ ಮೂಲೆಯಿಂದ ಎದ್ದು ಬಂದು ಇಬ್ಬರ ನಡುವೆ ನಿಂತಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬರೀ ದಣಿವು, ಎಪ್ಪತ್ತು ವರ್ಷದವರ ದಣಿವು.

ಅವನು ಸೌಟು ಬಿಸುಟು ಹೋದ.

ಪೇಫೆನ್ ಎದ್ದಳು. ಮಾಂಸವನ್ನೆಲ್ಲ ಎರಡು ಬೋಗುಣಿಗೆ ತೋಡಿದಳು. "ಏನ್ ಮಾಡ್ತಿದ್ದೀಯ?" ಎಂದಳು ಚುನ್‌ಲಿಯಾನ್. ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕಿಟ್ಟಿದ್ದ ಹೊಳೆಗಲ್ಲು ಮಗುವಿನ ತಲೆಯಷ್ಟಿತ್ತು. ಪೇಫೆನ್ ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಬಾಣಲೆಗೆ ಹಾಕಿದಳು.

ಮೊದಲ ಏಟಿಗೆ ಗಂಟೆ ಬಡಿದಂತೆ ಸದ್ದಾಯಿತು. ಎರಡನೆಯದಕ್ಕೆ ಬಿರುಕು. ಮೂರನೆಯದಕ್ಕೆ ತಳವೆಲ್ಲ ಬೆಂಕಿಯೊಳಗೆ ಕುಸಿದು ಬೂದಿ ಕಿಡಿ ಮೇಲೆದ್ದಿತು.

ಹಜಾರದವರೆಲ್ಲ ಬಾಗಿಲಿಗೆ ಮುಗಿಬಿದ್ದರು. ಹೈಶೆಂಗ್ ಅವರನ್ನು ತಳ್ಳಿಕೊಂಡು ಬಂದು ಅವಳ ಬಾಯಿಗೆ ಹೊಡೆದ. ತುಟಿ ಒಡೆಯಿತು. ಎರಡನೆಯ ಏಟಿಗೆ ಕೈಯೆತ್ತಿದಾಗ ಸೋದರತ್ತೆಯ ಊರುಗೋಲು ಅವನ ತೋಳಿನ ಮೇಲೆ ಬಿತ್ತು.

"ನಿಲ್ಲೋ! ಯಾಕೆ ಒಡೆದೆ? ಹೇಳೇ!"

"ಇವಳಿಗೆ ಕೈ ಮುರಿಯೋ ಹಾಗೆ ಹೊಡೆದಿದ್ದಾನೆ. ಇದು ಮೂರನೇ ಸಲ," ಎಂದಳು ಪೇಫೆನ್. ರಕ್ತ ಗಲ್ಲದಿಂದ ಇಳಿಯುತ್ತಿತ್ತು. "ನಾವು ತವರಿನವರು ಬಂದು ಒಡೆದಿದ್ದೀವಿ."

"ಅವಳಿಗೆ ಎಲ್ಲಿದೆಯೇ ತವರು?" ಎಂದು ಅರಚಿದಳು ಅತ್ತೆ. "ನೀನು ಈ ಮನೆ ಸೊಸೆ!"

"ನನ್ನ ಮಗಳಿಗೆ ಹತ್ತು ವರ್ಷ ಅನ್ನ ಹಾಕಿದ್ದಾಳೆ. ನಾನು ಅವಳ ತಂಗಿ. ಮೊನ್ನೆ ಇವಳ ಮೇಲೆ ಸುಳ್ಳು ದೂರು ಹೇಳಿದವಳೂ ನಾನೇ. ಇವಳು ಕಿತ್ಕೊಂಡಿಲ್ಲ. ನಾನು ಕೊಟ್ಟು ಮರೆತಿದ್ದೆ."

ಸೋದರತ್ತೆ ಒಡೆದ ಬಾಣಲೆಯನ್ನು ತುಂಬ ಹೊತ್ತು ನೋಡಿದಳು. ಅವಳ ಮುಂದಿನ ಎರಡು ಹಲ್ಲು ಚಿನ್ನದವು. ಹುಟ್ಟಿನವು ಹೇಗೆ ಹೋದವೆಂದು ಆ ಮನೆತನದಲ್ಲಿ ಎಲ್ಲರಿಗೂ ಗೊತ್ತಿತ್ತು.

"ತವರಿನವರು ಒಡೆದದ್ದು ಒಡೆದದ್ದೇ," ಎಂದಳು ಕೊನೆಗೆ. "ಅವಳನ್ನ ಕರ್ಕೊಂಡು ಹೋಗೋದಾದ್ರೆ ಈಗಲೇ ಹೋಗಿ. ಅವನ ಕೈ ಹಿಡ್ಕೊಳ್ರೋ ಯಾರಾದ್ರೂ, ನೋಡ್ತಾ ನಿಂತಿದ್ದೀರಲ್ಲ, ಗಂಡಸರಾ ನೀವು?"

ಝಿಮಿಂಗ್ ಅಣ್ಣನ ಕೈ ಹಿಡಿದ. ಹದಿನೈದು ದಿನಗಳಲ್ಲಿ ಮೊದಲ ಸಲ.

ಚುನ್‌ಲಿಯಾನ್ ಮಾತ್ರ ಕದಲಲಿಲ್ಲ. "ನಾನೆಲ್ಲಿಗೆ ಹೋಗಲಿ? ಕೋಳಿಗೆ ಕಾಳು ಹಾಕಿಲ್ಲ," ಎಂದಳು. ಸಿರುಯಿ ಅವಳ ಮುಂದೆ ಕೂತು ಕಾಲಿಗೆ ಬೂಟು ತೊಡಿಸಿದಳು, ದಾರ ಕಟ್ಟಿದಳು. "ಏಳಮ್ಮ," ಎಂದಳು.

ಪೇಟೆಯಲ್ಲಿ ಶಾಲೆಯ ಹಿಂದಿನ ಬೀದಿಯಲ್ಲಿ, ತೋಫು ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಒಂದು ವರ್ಷದ ಬಾಡಿಗೆಯನ್ನು ಪೇಫೆನ್ ಮುಂಗಡ ಕೊಟ್ಟಳು. ಠಾಣೆಯಲ್ಲಿ ಚುನ್‌ಲಿಯಾನ್ ಮೊದಲು, "ಬದುವಿನಲ್ಲಿ," ಎಂದು ಶುರುಮಾಡಿ, ಸಿರುಯಿಯ ಮುಖ ನೋಡಿ ನಿಲ್ಲಿಸಿ, ಆಮೇಲೆ ಮೂರು ಗಂಟೆ ಮಾತಾಡಿದಳು. ಹೈಶೆಂಗ್ ಹತ್ತಿರ ಸುಳಿಯಕೂಡದೆಂದು ಬರೆದ ಕೋರ್ಟಿನ ಕಾಗದ ಬಂತು.

ಅವರು ಕೋಣೆ ಸೇರಿದ ನಾಲ್ಕನೆಯ ದಿನ ಮಧ್ಯಾಹ್ನ, ಝಿಮಿಂಗ್ ಹೊರಗೆ ಹೋಗಿದ್ದಾಗ, ಹೈಶೆಂಗ್ ಬಂದ.

ಮೆಟ್ಟಿಲ ಮೇಲಿನ ಹೆಜ್ಜೆಯಲ್ಲೇ ಸಿರುಯಿಗೆ ಗೊತ್ತಾಯಿತು. ತಿನ್ನುತ್ತಿದ್ದ ಬಟ್ಟಲು ಕೆಳಗಿಟ್ಟಳು. ಬಾಗಿಲು ದಢದಢ ಅಲುಗಿತು. "ತೆಗೀರೇ! ನನ್ನ ಹೆಂಡತೀನ ಯಾರೇ ಮುಚ್ಚಿಟ್ಟಿರೋದು? ಸುಟ್ಟು ಹಾಕ್ತೀನಿ ಎಲ್ಲರನ್ನೂ!" ಒದ್ದ ಒದೆತಕ್ಕೆ ಅಗುಳಿಯ ಒಂದು ಮೊಳೆ ಹಾರಿ ನೀನಾಳ ಅನ್ನದಲ್ಲಿ ಬಿತ್ತು. ಸಿರುಯಿ ಎದ್ದು ಬಾಗಿಲ ಕಡೆ ನಡೆದಳು, ದಿನಾ ನಡೆದ ಹಾಗೆ.

ಪೇಫೆನ್ ಅವಳ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದಳು. "ನೀನಲ್ಲ," ಎಂದಳು. "ಅದು ದೊಡ್ಡವರ ಕೆಲಸ. ಹಿಂದೆ ಹೋಗು."

"ನಿಮಗೆ ಗೊತ್ತಿಲ್ಲ ಚಿಕ್ಕಮ್ಮ, ಅವನು..."

"ಹಿಂದೆ!"

ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಇನ್ನೊಂದು ಒದೆತ ಅವಳ ಬೆನ್ನುಮೂಳೆಯಲ್ಲಿ ಸಿಡಿಯಿತು. ಆಗ ಚುನ್‌ಲಿಯಾನ್ ಎದ್ದು ಬಂದು ತನ್ನ ಬೆನ್ನನ್ನೂ ಪಕ್ಕದಲ್ಲಿ ಒತ್ತಿದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಅವಳು ಮೊದಲ ಸಲ ಎದುರು ಮಾತಾಡಿದಳು.

"ನಾನು ಬರಲ್ಲ," ಎಂದಳು. ದನಿ ಸಾಲದೆಂದು ತೋರಿ ಇನ್ನೊಮ್ಮೆ ಕೂಗಿದಳು. "ನಾನು ಬರಲ್ಲ ಕಣೋ!"

ಆಮೇಲೆ ಮೊದಲಿಗಿಂತ ಜೋರಾಗಿ ಒದೆತ. ಕೆಳಗಿನಿಂದ ತೋಫು ಅಂಗಡಿಯ ಹೆಂಗಸು ಕುದಿವ ಸೋಯಾ ಹಾಲಿನ ಬಕೆಟ್ಟು ಹಿಡಿದು ಮೆಟ್ಟಿಲೇರಿದಳು. "ನನ್ನ ಬಾಗಿಲು ಮುರೀತೀಯೇನೋ? ಇಳೀತೀಯಾ, ತಲೆ ಮೇಲೆ ಸುರೀಲಾ? ಏ, ಪೊಲೀಸರಿಗೆ ಫೋನ್ ಮಾಡ್ರೇ!" ಹೆಜ್ಜೆಗಳು ಇಳಿದವು. ಬೀದಿಯಲ್ಲಿ ಬೈಗುಳ ದೂರದೂರ ಸರಿಯಿತು.

ಪೇಫೆನ್ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಸಿರುಯಿ ಬಂದು ಪಕ್ಕದಲ್ಲಿ ಕೂತಳು.

"ನಿಮ್ಮ ವಿಮಾನ ಯಾವಾಗ?"

"ಶುಕ್ರವಾರ."

"ನಾನು ಬರಲ್ಲ."

"ಗೊತ್ತು ಮಗಳೇ. ನಿನ್ನ ಟಿಕೆಟ್ ವಾಪಸ್ ಕೊಡು ಅಂತ ನಿಮ್ಮಪ್ಪನಿಗೆ ಹೇಳಿದ್ದೀನಿ. ಬೇಸಿಗೆ ರಜೆಗೆ ನಾನೇ ಬರ್ತೀನಿ."

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ರಕ್ತ ಕಂಡು ಅಳದವಳು, ಏಟಿಗೆ ಅಳದವಳು, ಬಾಯಿ ಅಗಲಿಸಿ ಸಣ್ಣ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತ ಅಳುತ್ತಲೇ ಪೇಫೆನಳ ತೊಡೆಯ ಮೇಲೆ ತಲೆಯಿಟ್ಟು, ಹಾಗೆಯೇ ನಿದ್ದೆಹೋದಳು.

ನೀನಾ ಹತ್ತಿರ ಬಂದು ಬಗ್ಗಿ ನೋಡಿದಳು. "ಅಕ್ಕ ಸತ್ತೋದ್ಲಾ?"

"ಥೂ, ಬಿಡ್ತು ಅನ್ನು," ಎಂದಳು ಚುನ್‌ಲಿಯಾನ್. "ನಿದ್ದೆ ಮಾಡ್ತಿದ್ದಾಳೆ." ಮತ್ತೆ ಮೆಲ್ಲಗೆ, ಪೇಫೆನ್‌ಗೆ ಮಾತ್ರ ಕೇಳುವಂತೆ, "ಹಗಲು ಮಲಗಿದ್ದು ನಾನು ನೋಡೇ ಇಲ್ಲ. ರಾತ್ರಿ ಕೂಡ ಒಂದು ಕಿವಿ ತೆರೆದಿರುತ್ತೆ ಇವಳದು," ಎಂದಳು.

ಬೀದಿಯಲ್ಲಿ ಯಾರೋ ಕಬ್ಬಿಣದ ಕದ ಎಳೆದರು. ಇಬ್ಬರು ಹೆಂಗಸರೂ ಬೆಚ್ಚಿದರು. ಹುಡುಗಿ ಮಿಸುಕಲಿಲ್ಲ.

"ಅರ್ಧ ಊಟಕ್ಕೇ ಎದ್ದಳು ಪಾಪ," ಎಂದಳು ಚುನ್‌ಲಿಯಾನ್. "ಅನ್ನ ತಣ್ಣಗಾಗ್ತಿದೆ, ಎಬ್ಬಿಸ್ಲಾ?"

ಪೇಫೆನಳ ಕಾಲು ಆಗಲೇ ಜೋಮು ಹಿಡಿದಿತ್ತು. ಅವಳು ಕದಲದೆ ಗೋಡೆಗೆ ಒರಗಿದಳು.

"ಬೇಡಕ್ಕ, ಮಲಗಲಿ," ಎಂದಳು.